ಕಾಪಿ ಆಯ್ತು, ಪೇಸ್ಟ್ ಆಗಲಿಲ್ಲ

ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಯುವವರಿಗೆ 1004 ಅನ್ನೋ ನಂಬರು ತಮ್ಮ ಮನೆ ನಂಬರಿಗಿಂತ ಚೆನ್ನಾಗಿ ನೆನಪಿರುತ್ತೆ. ‘ಪೇಸ್ಟ್‌ಸ್ಪೆಷಲ್ ಫೇಲ್ಡ್’ ಅಂತ ಪರದೆ ಮೇಲೆ ಒಂದು ಡಬ್ಬಿ ಎದ್ದು ನಿಲ್ಲುತ್ತಲ್ಲ, ಅದೇ. ಅದರ ಬಾಯಿ ಮುಚ್ಚಿಸೋಕೆ ಹೋಗಿ 2009ರ ಓಣಂ ಹೊತ್ತಿಗೆ ನಾನೊಂದು ಎಡವಟ್ಟು ಮಾಡಿಕೊಂಡೆ.

ಆಗ ಕೊಚ್ಚಿಯಲ್ಲಿ ಕೂತು ನಮ್ಮ ತಿರುವನಂತಪುರದ ಬ್ರಾಂಚಿನ ಸಂಬಳದ ಲೆಕ್ಕ ನೋಡ್ತಿದ್ದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅಲ್ಲಿನ ಕಂಪ್ಯೂಟರಿಗೆ ಹೋಗಿ ಒಂದು ಬಟನ್ ಒತ್ತಿದರೆ ಓವರ್‌ಟೈಮ್ ಶೀಟಿನ ಅಂಕಿಗಳು ಕಾಪಿಯಾಗಿ ಸಂಬಳದ ಶೀಟಿಗೆ ಪೇಸ್ಟ್ ಆಗ್ತಿದ್ದವು. ನಡುನಡುವೆ 1004 ಬರ್ತಿತ್ತು. ಇನ್ನೊಮ್ಮೆ ಒತ್ತಿದರೆ ಸರಿ. ಈ ಕಿರಿಕಿರಿ ಯಾರಿಗೆ ಬೇಕು ಅಂತ ಮ್ಯಾಕ್ರೋದ ಮೇಲ್ಗಡೆ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ ಅಂತ ಒಂದು ಸಾಲು ಸೇರಿಸಿದೆ. ಅಂದ್ರೆ, ತಪ್ಪಾದ್ರೆ ಸುಮ್ಮನೆ ಮುಂದಕ್ಕೆ ಹೋಗು ಅಂತ. ಡಬ್ಬಿ ಬರೋದು ನಿಂತಿತು. ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಓಣಂ ಮುಂಚಿನ ಸಂಬಳ ಕೈಗೆ ಬಂದ ದಿನ ಅಲ್ಲಿನ ವಾಚ್‌ಮನ್ ಫೋನ್ ಮಾಡಿದರು. “ಸಾರೇ, ಕಣಕ್ಕು ತೆಟ್ಟಿಯೋ?” ಲೆಕ್ಕ ತಪ್ಪಿತಾ ಅಂತ. ತಪ್ಪಿತ್ತು. ಆ ತಿಂಗಳು ಅವರು ಎಷ್ಟೋ ರಾತ್ರಿ ಡಬಲ್ ಡ್ಯೂಟಿ ಮಾಡಿದ್ದರು. ಪೇಸ್ಟ್ ಆಗದೇ ಹೋಗಿ ಹಿಂದಿನ ತಿಂಗಳ ಅಂಕಿಯೇ ಕೂತಿತ್ತು. ಅವರದ್ದೊಂದೇ ಅಲ್ಲ, ಇಡೀ ಕಾಲಮ್ಮು. ಖಾಲಿ ಇದ್ದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಹಳೇ ಅಂಕಿಯೂ ನೋಡೋಕೆ ಅಂಕಿ ಥರಾನೇ ಇರುತ್ತಲ್ಲ!

ಮಾರನೇ ದಿನ ಬೆಳಗಿನ ಜಾವ ಎರ್ನಾಕುಲಂನಲ್ಲಿ ವಂಚಿನಾಡ್ ಎಕ್ಸ್‌ಪ್ರೆಸ್ ಹತ್ತಿದೆ. ಬ್ರಾಂಚಿನಲ್ಲಿ ಎಲ್ಲರಿಗೂ ಬಾಕಿ ದುಡ್ಡು ಕೊಡಿಸಿ, ನನ್ನ ಆ ಜಾಣ ಸಾಲನ್ನು ಅಳಿಸಿ, ಅದೇ ಕಂಪ್ಯೂಟರಿನ ಮುಂದೆ ಕೂತು ಮ್ಯಾಕ್ರೋ ಓಡಿಸಿದೆ. ಇಪ್ಪತ್ತು ಸಲ ಓಡಿಸಿದರೂ ಒಂದು ತಪ್ಪಿಲ್ಲ! ಹೊರಡುವಾಗ ವಾಚ್‌ಮನ್ ಒಂದು ಪೊಟ್ಟಣ ಬಾಳೆಕಾಯಿ ಉಪ್ಪೇರಿ ಕೈಗಿಟ್ಟರು. ರೈಲಿನಲ್ಲಿ ಅದನ್ನ ಬಿಚ್ಚೋಕೆ ಮನಸ್ಸಾಗಲಿಲ್ಲ.

ಕೊಚ್ಚಿಗೆ ಬಂದು ರಿಮೋಟ್‌ನಲ್ಲಿ ಒತ್ತಿದೆ. ಮತ್ತೆ 1004. ಎಫ್8 ಒತ್ತಿ ಒಂದೊಂದೇ ಸಾಲು ನಡೆಸಿದರೆ ಸರಿ, ಒಂದೇ ಉಸಿರಿಗೆ ಓಡಿಸಿದರೆ ತಪ್ಪು. ಆಗ ಹೊಳೀತು. ಕ್ಲಿಪ್‌ಬೋರ್ಡ್ ಎಕ್ಸೆಲ್‌ನ ಸ್ವಂತದ್ದಲ್ಲ, ವಿಂಡೋಸ್‌ನದ್ದು. ಊರ ಬಾವಿ ಇದ್ದ ಹಾಗೆ, ಆದರೆ ಇರೋದು ಒಂದೇ ಹಗ್ಗ. ಒಂದು ಪ್ರೋಗ್ರಾಂ ತೆರೆದಿದ್ದರೆ ಇನ್ನೊಂದು ಕಾಯಬೇಕು. ರಿಮೋಟ್‌ನಲ್ಲಿದ್ದಾಗ, ಅಲ್ಲಿ ಕಾಪಿಯಾದದ್ದನ್ನು ಇಲ್ಲಿಗೆ ತಲುಪಿಸೋಕೆ ಇನ್ನೊಂದು ಪ್ರೋಗ್ರಾಂ ಬಂದು ಹಗ್ಗ ಹಿಡಿಯುತ್ತೆ. ಅದೇ ಗಳಿಗೆಗೆ ನನ್ನ ಮ್ಯಾಕ್ರೋ ಹೋದರೆ ಕೊಡ ಖಾಲಿ. ಎಫ್8ನಲ್ಲಿ ನಿಧಾನಕ್ಕೆ ಹೋಗೋದರಿಂದ ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತೆ.

ಮದ್ದು ಸುಲಭ. ಬಾವಿ ಕಡೆಗೇ ಹೋಗಬೇಡಿ. ಬರೀ ಅಂಕಿ ಬೇಕಾದರೆ, ಈ ರೇಂಜಿನ ವ್ಯಾಲ್ಯೂ ಆ ರೇಂಜಿನ ವ್ಯಾಲ್ಯೂಗೆ ಸಮ ಅಂತ ನೇರವಾಗಿ ಒಂದೇ ಸಾಲು ಬರೆದರೆ ಸಾಕು, ಕಾಪಿಯೂ ಇಲ್ಲ, ಪೇಸ್ಟೂ ಇಲ್ಲ. ಎರಡೂ ರೇಂಜಿನ ಅಳತೆ ಒಂದೇ ಇರಬೇಕು ಅಷ್ಟೆ. ಕಾಪಿ ಮಾಡಲೇಬೇಕು ಅಂದ್ರೆ, ಕಾಪಿಗೂ ಪೇಸ್ಟ್‌ಗೂ ನಡುವೆ ಶೀಟಿನ ಬೀಗ ತೆಗೆಯೋದು, ಸೆಲ್‌ನಲ್ಲಿ ಏನಾದರೂ ಬರೆಯೋದು ಮಾಡಬೇಡಿ. ಕಾಪಿಯ ಸುತ್ತ ಓಡುವ ಚುಕ್ಕಿಗೆರೆ ಮಾಯವಾಗಿ ಆಗಲೂ ಇದೇ 1004. ಕೊನೆಗೆ ಎರಡೂ ಕಡೆಯ ಮೊತ್ತ ಹೋಲಿಸಿ, ತಾಳೆಯಾಗದಿದ್ದರೆ ನಿಲ್ಲು ಅಂತ ಬರೆಯಿರಿ.

ಅಂದಿನಿಂದ ನನ್ನ ಸಂಬಳದ ಮ್ಯಾಕ್ರೋದಲ್ಲಿ ಡಬ್ಬಿ ಬಂದರೆ ಬರಲಿ ಅಂತ ಬಿಟ್ಟಿದ್ದೀನಿ. ಅದು ನನ್ನನ್ನು ತಡೆದರೆ ಐದು ನಿಮಿಷ ಹೋಗುತ್ತೆ. ತಡೆಯದಿದ್ದರೆ ಯಾರದ್ದೋ ಹಬ್ಬ ಹೋಗುತ್ತೆ. ನಿಮ್ಮ ಹಳೇ ಫೈಲಿನಲ್ಲೂ ಆ ‘ರೆಸ್ಯೂಮ್ ನೆಕ್ಸ್ಟ್’ ಕೂತಿದೆಯಾ? ಒಮ್ಮೆ ತೆಗೆದು ಓಡಿಸಿ ನೋಡಿ.