ಪ್ರವೇಶಿಸುವಿಕೆ

ಏಳು ತಿಂಗಳ ಕಾಲ ನನ್ನ ಫೋನು ದಿನಕ್ಕೊಮ್ಮೆ ಒಂದೇ ಅರ್ಜಿಯನ್ನು ಸಲ್ಲಿಸುತ್ತಿತ್ತು: ಹೊಸ ಆವೃತ್ತಿ ಸಿದ್ಧವಾಗಿದೆ, ಅಳವಡಿಸಬಹುದೇ? ನಾನೂ ದಿನಕ್ಕೊಮ್ಮೆ ‘ನಂತರ’ ಎಂಬುದನ್ನು ಒತ್ತಿ ಕಡತವನ್ನು ಪಕ್ಕಕ್ಕಿಡುತ್ತಿದ್ದೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಾರಣಗಳೂ ಸಿದ್ಧವಿದ್ದವು. ಅಪ್‌ಡೇಟ್ ಮಾಡಿಸಿಕೊಂಡ ಸಹೋದ್ಯೋಗಿಯೊಬ್ಬರ ಫೋನಿನ ಬ್ಯಾಟರಿ ಮಧ್ಯಾಹ್ನದ ಡಬ್ಬಿಯ ಹೊತ್ತಿಗೇ ಮುಗಿಯತೊಡಗಿತ್ತು. ಇನ್ನೊಬ್ಬರಿಗೆ ಬ್ಯಾಂಕಿನ ಆ್ಯಪ್ ಎರಡು ದಿನ ಬಾಗಿಲು ತೆರೆದಿರಲಿಲ್ಲ. ಇದ್ದದ್ದು ಇದ್ದಂತೆಯೇ ನಡೆಯುತ್ತಿರುವಾಗ ಕೈಹಚ್ಚಬಾರದು ಎಂಬುದು ನಮ್ಮ ಇಲಾಖೆಯ ಅಲಿಖಿತ ನಿಯಮ.

ಹೀಗೆನ್ನುವ ನಾನೇ ಒಂದು ಕಾಲದಲ್ಲಿ ಅಪ್‌ಡೇಟಿಗಾಗಿ ಚಾತಕದಂತೆ ಕಾದವನು. 2011ರಲ್ಲಿ ಪುಣೆಗೆ ವರ್ಗವಾಗಿ ಬಂದಾಗ ಕೊಂಡ ಮೊದಲ ಸ್ಮಾರ್ಟ್‌ಫೋನಿನಲ್ಲಿ ಕನ್ನಡವೆಂದರೆ ಸಾಲು ಸಾಲು ಖಾಲಿ ಚೌಕಗಳು. ಊರಿನ ಸುದ್ದಿ ಓದಬೇಕೆಂದರೆ ಒಪೆರಾ ಮಿನಿಯ ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಬರೆದು, ಪುಟದ ಕೆಳಗಿನ ಒಂದು ಆಯ್ಕೆಯನ್ನು ‘ಎಸ್’ ಮಾಡಬೇಕಿತ್ತು. ಆಗ ಅಕ್ಷರಗಳು ಚಿತ್ರಗಳ ರೂಪದಲ್ಲಿ ಮೂಡಿಬರುತ್ತಿದ್ದವು. ಈ ಗುಟ್ಟನ್ನು ನಾವು ಹೊರನಾಡಿನ ಕನ್ನಡಿಗರು ಒಬ್ಬರ ಕಿವಿಯಿಂದ ಒಬ್ಬರಿಗೆ, ಮನೆಮದ್ದಿನಂತೆ, ದಾಟಿಸುತ್ತಿದ್ದೆವು. 2012ರಲ್ಲಿ ಆಂಡ್ರಾಯ್ಡ್ 4.1ರೊಂದಿಗೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳು ನೇರವಾಗಿ ಬಂದವು. 2014ರ 5.0ರಲ್ಲಿ ಫೋನಿನ ಮೆನುಗಳೇ ಕನ್ನಡವಾಗಬಹುದಾಯಿತು. ಚೌಕಗಳು ಅಕ್ಷರಗಳಾದ ದಿನ ನಾನು ಪಿಎಂಪಿಎಂಎಲ್ ಬಸ್ಸಿನಲ್ಲಿ ನಿಂತು, ಇಳಿಯಬೇಕಾದ ಹಡಪಸರದ ಗಾಡಿತಳವನ್ನು ದಾಟಿ ಹೋದದ್ದು ನೆನಪಿದೆ. ಆಮೇಲೆ ಬಂದ ಅಪ್‌ಡೇಟುಗಳೆಲ್ಲ ನನಗೆ ಬರಿಯ ಗೋಡೆಯ ಬಣ್ಣ.

ಈಗ ಅಪ್ಪನ ವಿಷಯ. ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೂವತ್ತೈದು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ಹಡಪಸರದ ನಮ್ಮ ಮೂರನೆಯ ಮಹಡಿಯ ಮನೆಗೆ ಬಂದರು. ಬರುವಾಗಲೇ ಕಿವಿ ಮಂದವಾಗಿತ್ತು; ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಮುಚ್ಚಿಯೇ ಹೋಯಿತು. ಶ್ರವಣಯಂತ್ರ ಕೊಡಿಸಿದೆವು. ಅದು ನಮ್ಮ ಮಾತಿಗಿಂತ ಸೋಲಾಪುರ ರಸ್ತೆಯ ಲಾರಿಗಳನ್ನೇ ಹೆಚ್ಚು ಕೇಳಿಸುತ್ತದೆಂದು ಅಪ್ಪ ಅದನ್ನು ಡಬ್ಬಿಯೊಳಗಿಟ್ಟು ಕಪಾಟು ಸೇರಿಸಿದರು. ನೆರೆಹೊರೆಯವರದು ಮರಾಠಿ, ಅದು ಮೊದಲೇ ದೂರ. ಮನೆಯೊಳಗಿನ ಕನ್ನಡವೂ ಕ್ರಮೇಣ ಸನ್ನೆಗಿಳಿಯಿತು: ಊಟ, ಸ್ನಾನ, ಗುಳಿಗೆ, ನಿದ್ದೆ. ಜೀವಮಾನವಿಡೀ ಮಾತನ್ನೇ ಕಸುಬಾಗಿ ಮಾಡಿಕೊಂಡಿದ್ದವರೊಡನೆ ನಾವು ನಾಲ್ಕು ಸನ್ನೆಗಳಲ್ಲಿ ವ್ಯವಹರಿಸುತ್ತಿದ್ದೆವು. ಕಿರುಚಿ ಹೇಳಬೇಕಾದ ಮಾತುಗಳಲ್ಲಿ ಎಷ್ಟು ಮಾತು ಹೇಳಲು ಯೋಗ್ಯವಾಗಿ ಉಳಿಯುತ್ತವೆ ಎಂಬುದು ಅಂಥವರೊಡನೆ ಬಾಳಿದವರಿಗೇ ಗೊತ್ತು.

2024ರ ಗಣೇಶ ಚೌತಿಯ ಮರುದಿನ, ಭಾನುವಾರ. ನಮ್ಮ ಕಟ್ಟಡದ ಕೆಳಗೇ ಢೋಲ್-ತಾಶಾ ತಂಡವೊಂದು ನಿಂತು ಬಾರಿಸುತ್ತಿತ್ತು. ಕಿಟಕಿಯ ಗಾಜುಗಳು ಅದುರುತ್ತಿದ್ದವು. ನನ್ನ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಬಾಲ್ಕನಿಯಲ್ಲಿ ನಿಂತು ಕೆಳಗಿನ ಗುಂಪನ್ನು ನೋಡುತ್ತಿದ್ದ ಅಪ್ಪ ಒಳಬಂದು ಕೇಳಿದರು: “ಈ ಸಲ ಬಾಜಿ ಹಚ್ಚಿಲ್ಲೇನೋ ಇವರು? ಬರೇ ಕೈ ಆಡಸಾಕತ್ತಾರಲ್ಲ?”

ನಾನು ಏನು ಉತ್ತರಿಸಲಿ? ‘ಹೌದು’ ಎಂದು ತಲೆಯಾಡಿಸಿದೆ.

ಅಂದು ಮಧ್ಯಾಹ್ನವೇ ಫೋನನ್ನು ಅಪ್‌ಡೇಟ್ ಮಾಡಿದ್ದಕ್ಕೂ ಈ ಘಟನೆಗೂ ಸಂಬಂಧವಿದೆಯೆಂದು ಹೇಳಿದರೆ ಸುಳ್ಳಾಗುತ್ತದೆ. ಏಳನೆಯ ತರಗತಿಯ ಮಗಳು ಬೇಸರಕ್ಕೆ ಗುಂಡಿ ಒತ್ತಿದಳು, ಅಷ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಬಂದದ್ದು ಆಂಡ್ರಾಯ್ಡ್ 14. ತಿಂಡಿಗಳ ಹೆಸರಿಡುವ ಬಹಿರಂಗ ಪದ್ಧತಿ 2019ರಲ್ಲೇ ನಿಂತಿದ್ದರೂ ಒಳಮನೆಯಲ್ಲಿ ಇದಕ್ಕೆ ‘ಅಪ್‌ಸೈಡ್ ಡೌನ್ ಕೇಕ್’ ಎಂಬ ಹೆಸರಿತ್ತಂತೆ. ಮೇಲುನೋಟಕ್ಕೆ ಗಡಿಯಾರದ ಅಂಕಿಗಳು ದಪ್ಪವಾದದ್ದು ಬಿಟ್ಟರೆ ಏನೂ ತಲೆಕೆಳಗಾಗಿರಲಿಲ್ಲ. ಹೊಸತನ ಕಾಣದ ಮಗಳು ಫೋನಿನ ಭಾಷೆಯನ್ನೇ ಕನ್ನಡಕ್ಕೆ ತಿರುಗಿಸಿ, “ಈಗ ಹುಡುಕು” ಎಂದು ಕೈಗಿತ್ತಳು.

ಹದಿಮೂರು ವರ್ಷದಿಂದ ಇಂಗ್ಲಿಷಿನಲ್ಲೇ ಫೋನು ಬಳಸಿದವನಿಗೆ ಕನ್ನಡದ ಸೆಟ್ಟಿಂಗ್ಸ್ ಪುಟವು ಪರಊರಿನ ಬಸ್‌ಸ್ಟ್ಯಾಂಡಿನಂತೆ ಕಂಡಿತು. ಪ್ರತಿ ಫಲಕವನ್ನೂ ನಿಂತು ಓದಬೇಕು. ಹಾಗೆ ಓದುತ್ತ ಹೋಗುವಾಗ ‘ಪ್ರವೇಶಿಸುವಿಕೆ’ ಎಂಬ ಪದ ಎದುರಾಯಿತು. ಯಾರ ಪ್ರವೇಶ, ಎಲ್ಲಿಗೆ? ಅಪ್ಪನಾಗಿದ್ದರೆ ಈ ಪದವನ್ನು ಬರೆದ ವಿದ್ಯಾರ್ಥಿಯನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕುತೂಹಲಕ್ಕೆ ಒಳಹೊಕ್ಕೆ. ಇಂಗ್ಲಿಷಿನ ‘ಅ್ಯಕ್ಸೆಸಿಬಿಲಿಟಿ’ಯನ್ನು ನೂರಾರು ಸಲ ದಾಟಿ ಹೋಗಿದ್ದೆ. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ನನಗೆ ಆ ಪದದ ಅರ್ಥ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದುದರಿಂದಲೇ ಅದು ಬೇರೆ ಯಾರಿಗೋ ಸೇರಿದ್ದೆಂದು ಬಿಟ್ಟಿದ್ದೆ. ಎಡವಟ್ಟು ಕನ್ನಡ ನನ್ನನ್ನು ತಡೆದು ನಿಲ್ಲಿಸಿತು.

ಒಳಗೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮನೆಯಲ್ಲಿ ಹಿರಿಯರಿರುವವರಿಗೆ ಬೇಕಾಗಬಹುದು. ಈ ಆವೃತ್ತಿಯಲ್ಲಿ ಅಕ್ಷರಗಳನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಹಾಗೆ ಹಿಗ್ಗಿಸುವಾಗ ಸಣ್ಣ ಅಕ್ಷರ ಹೆಚ್ಚು ಬೆಳೆಯುತ್ತದೆ, ಮೊದಲೇ ದೊಡ್ಡದಾಗಿರುವ ಶೀರ್ಷಿಕೆ ಅಷ್ಟು ಬೆಳೆಯುವುದಿಲ್ಲ. ಆದ್ದರಿಂದ ಪುಟ ಕೆಡುವುದಿಲ್ಲ. ಎರಡನೆಯದು, ಕರೆ ಅಥವಾ ಸಂದೇಶ ಬಂದಾಗ ಕ್ಯಾಮೆರಾದ ದೀಪವೋ ಪರದೆಯೋ ಮಿಣುಕುವಂತೆ ಮಾಡುವ ವ್ಯವಸ್ಥೆ. ಇವೆರಡೂ 14ರೊಂದಿಗೆ ಬಂದವು. ಮೂರನೆಯದು ಹೊಸದಲ್ಲ, 2019ರಿಂದಲೇ ಇತ್ತು: ಎದುರಿನವರು ಆಡುತ್ತಿರುವ ಮಾತನ್ನು ಆಗಿಂದಾಗಲೇ ಬರಹವಾಗಿಸುವ ‘ಲೈವ್ ಟ್ರಾನ್ಸ್‌ಕ್ರೈಬ್’. ಇದನ್ನು ರೂಪಿಸಿದವರಲ್ಲಿ ಮುಖ್ಯರು ದಿಮಿತ್ರಿ ಕನೆವ್‌ಸ್ಕಿ ಎಂಬ ಸಂಶೋಧಕರು. ಎಳವೆಯಲ್ಲೇ ಶ್ರವಣಶಕ್ತಿ ಕಳೆದುಕೊಂಡವರು. ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಸಹಕಾರವೂ ಅದಕ್ಕಿತ್ತು. ಎಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅಂದರೆ ಅಪ್ಪ ಹಡಪಸರಕ್ಕೆ ಬಂದ ದಿನವೂ ಅದು ಇತ್ತು. ಎರಡು ವರ್ಷ ನಾನು ಸನ್ನೆ ಮಾಡುತ್ತಿದ್ದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಫೋನನ್ನು ಅಪ್ಪನ ಮುಂದೆ ನೀರಿನ ತಂಬಿಗೆಗೆ ಒರಗಿಸಿಟ್ಟು, “ಅಪ್ಪಾ, ನಾ ಮಾರ್ಕೆಟ್ಟಿಗೆ ಹೋಗಾಕತ್ತೇನಿ” ಎಂದೆ. ಪರದೆಯ ಮೇಲೆ, ಶೇ. 200ರ ಗಾತ್ರದಲ್ಲಿ ಮೂಡಿತು: ‘ಅಪ್ಪ ನಾ ಮಾರ್ಕೆಟ್‌ಗೆ ಹೋಗು ಕತ್ತೆ ನೀ’.

ಅಪ್ಪ ಕನ್ನಡಕ ಸರಿಪಡಿಸಿಕೊಂಡು ಓದಿದರು. ಮತ್ತೊಮ್ಮೆ ಓದಿದರು. “ಯಾರಿಗಿ ಅಂದಿ ಇದು?” ಎಂದರು. ಆಮೇಲೆ ನಗತೊಡಗಿದರು; ನಗುತ್ತ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು. ಅವ್ವ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ತಪ್ಪು ಯಂತ್ರದ್ದೆನ್ನಲಾರೆ. ಅದು ಕಲಿತ ಕನ್ನಡ ಬೇರೆ, ನಮ್ಮ ಭೀಮಾತೀರದ ಕನ್ನಡ ಬೇರೆ. ಹಾಗಾಗಿ ಮನೆಯಲ್ಲಿ ವಿಚಿತ್ರವಾದೊಂದು ಬದಲಾವಣೆ ಶುರುವಾಯಿತು. ಕಚೇರಿಯ ಕಡತದಲ್ಲಿ ಇಂಗ್ಲಿಷ್, ಸೆಪ್ಟೆಂಬರಿನ ಪಖವಾಡಾದಲ್ಲಿ ಹಿಂದಿ, ತರಕಾರಿ ಮಂಡಿಯಲ್ಲಿ ಮರಾಠಿ ಆಡಿ ಬಂದು, ಮನೆಯಲ್ಲಿ ಮಾತ್ರ ನಾಲಗೆಯನ್ನು ಸಡಿಲ ಬಿಡುತ್ತಿದ್ದ ನಾವು ಈಗ ಊಟದ ಮೇಜಿನಲ್ಲಿ “ಹೋಗುತ್ತಿದ್ದೇನೆ”, “ತಿನ್ನುತ್ತೀರಾ” ಎಂದು ಆಕಾಶವಾಣಿಯವರಂತೆ ಮಾತನಾಡುತ್ತೇವೆ. ನನ್ನ ಹೆಂಡತಿ “ಮಾವ, ಇನ್ನೊಂದು ರೊಟ್ಟಿ ಬಡಿಸಲೇ?” ಎಂದು ಅಚ್ಚುಕಟ್ಟಾಗಿ ಕೇಳುವುದನ್ನು ಕೇಳಿದರೆ ನಾಟಕದ ತಾಲೀಮಿನಲ್ಲಿ ಕುಳಿತಂತಾಗುತ್ತದೆ. ಮಗಳ ಪಾಡು ಇನ್ನೂ ಬೇರೆ. ಅವಳ ಕನ್ನಡದಲ್ಲಿ ಅರ್ಧ ಮರಾಠಿ. ಒಂದು ಸಂಜೆ “ಮುತ್ಯಾ, ನನಗ ಕಂಟಾಳಾ ಬಂದೈತಿ” ಎಂದಳು. ಪರದೆಯಲ್ಲಿ ‘ನನಗೆ ಗಂಟಲು ಬಂದಿದೆ’ ಎಂದಾಯಿತು. ಅಪ್ಪ ಎದ್ದು ಹೋಗಿ ಬಿಸಿನೀರಿಗೆ ಮೆಣಸಿನಪುಡಿ ಹಾಕಿ ತಂದರು. ಅಂದಿನಿಂದ ಅವಳು ‘ಬ್ಯಾಸರ’ ಎನ್ನುತ್ತಾಳೆ. ಪರದೆಯ ಮೇಲಿನ ತಪ್ಪುಗಳನ್ನು ಅಪ್ಪ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು, ಎದುರಿಗೆ ಸರಿರೂಪ ಬರೆದು, ಅವಳಿಗೆ ಓದಿಸುತ್ತಾರೆ. ಕೆಂಪು ಪೆನ್ನು ಬೇಕೆಂದರು, ತಂದುಕೊಟ್ಟೆ.

ಅಪ್ಪನ ಬಳಿ ಇದ್ದದ್ದು ನನ್ನದೇ ಹಳೆಯ ಫೋನು. ಅದಕ್ಕೆ ಹೊಸ ಆವೃತ್ತಿ ಬರುವುದು ನಿಂತು ಬಹಳ ದಿನವಾಗಿದೆ. ದೀಪ ಮಿಣುಕುವ ಏರ್ಪಾಡು ಅದರಲ್ಲಿಲ್ಲ. ಸಿಮ್ ಅದಲುಬದಲು ಮಾಡಿ ಹೊಸದನ್ನು ಅವರಿಗೆ ಕೊಟ್ಟೆ. ಊರಿನಿಂದ ಅಣ್ಣ ಕರೆ ಮಾಡಿದರೆ ಅವರ ಕೋಣೆಯಲ್ಲಿ ಮಿಂಚು ಹೊಡೆಯುತ್ತದೆ. ನನ್ನ ಕೈಯಲ್ಲೀಗ ಒಡೆದ ಗಾಜಿನ ಹಳೆಯ ಫೋನು, ಅದು ಯಾವ ಅರ್ಜಿಯನ್ನೂ ಸಲ್ಲಿಸುವುದಿಲ್ಲ.

ಆ ಹಳೆಯದರಲ್ಲಿ, ಅವ್ವ ಅಣ್ಣನ ಫೋನಿನಿಂದ ಎಂದೋ ಕಳಿಸಿದ ಹದಿನಾಲ್ಕು ಸೆಕೆಂಡಿನ ಧ್ವನಿಸಂದೇಶವೊಂದಿದೆ. ಅಪ್ಪ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ. ದೀಪಾವಳಿಯ ಸಂಜೆ ಎರಡು ಫೋನುಗಳನ್ನೂ ಎದುರುಬದುರು ಇಟ್ಟು ಅದನ್ನು ನುಡಿಸಿದೆ. ಪರದೆಯಲ್ಲಿ ಒಂದೊಂದೇ ಪದ ಬಂತು: ‘ತಮ್ಮ ನಿಮ್ಮ ಅಪ್ಪಗೆ ಗುಳಿಗೆ ಮುಗಿದ ಹಾವು ಬರುವ ಮುಂದೆ ಮರೆಯದೆ ತಗೊಂಡು ಬಾ’.

ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. ಕೆಂಪು ಪೆನ್ನಿಗೆ ಕೈಹಾಕಲಿಲ್ಲ.

“ಹಾವಲ್ಲ ಅದು. ‘ನಿಮ್ಮಪ್ಪಗ ಗುಳಿಗಿ ಮುಗದಾವು’ ಅಂದಿರ್ತಾಳ” ಎಂದರು. ಸ್ವಲ್ಪ ತಡೆದು, “ಕಡೀಕ ‘ಅವರಿಗೇನೂ ಹೇಳಬ್ಯಾಡ’ ಅಂತನೂ ಅಂದಿರಬೇಕಲ್ಲ?” ಎಂದು ನನ್ನ ಮುಖ ನೋಡಿದರು.

ಅಂದಿದ್ದಳು. ದನಿ ತಗ್ಗಿಸಿ ಹೇಳಿದ ಆ ಮಾತನ್ನು ಯಂತ್ರ ಬರೆದಿರಲಿಲ್ಲ. ನಾನು ತಲೆಯಾಡಿಸಿದೆ.