ಇಪ್ಪತ್ತೈದು ತುಂಬಿದ ಕಾರು

ಜರ್ಮನಿಯಿಂದ ಹಳೆಯ ಡೀಸೆಲ್ ಕಾರೊಂದನ್ನು ಅಮೆರಿಕಕ್ಕೆ ತರಿಸುವ ಯೋಚನೆ ಹೇಳಿದಾಗ ನನ್ನಾಕೆ, "ಇಲ್ಲಿ ಕಾರಿಗೇನು ಬರಗಾಲವೇ?" ಎಂದಳು. ಬೇರೆ ಕಾರಿಗಿಲ್ಲ, ಇದಕ್ಕೆ ಉಂಟು. ಬಿ.ಎಂ.ಡಬ್ಲ್ಯು. 330ಡಿ ಯೂರೋಪಿನಲ್ಲಿ 1999ರಲ್ಲಿ ಬಂದಿತು. ಆರು ಸಿಲಿಂಡರು, 184 ಅಶ್ವಶಕ್ತಿ. ಓಟದಲ್ಲಿ ಚುರುಕು, ಎಣ್ಣೆಯಲ್ಲಿ ಮಿತವ್ಯಯ. ಆಗ ಅದನ್ನು ಇಲ್ಲಿ ಮಾರಲೇ ಇಲ್ಲ.

ಇಲ್ಲಿಯ ಸುರಕ್ಷತಾ ನಿಯಮಕ್ಕೆ ಹೊಂದದ ಕಾರನ್ನು ಹಾಗೆಯೇ ತರಿಸಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಎಣಿಕೆ ಕಾರು ತಯಾರಾದ ತಿಂಗಳಿನಿಂದ, ನೋಂದಣಿಯಾದ ದಿನದಿಂದಲ್ಲ. ಅವಸರಪಟ್ಟು ಮೊದಲೇ ತರಿಸಿದರೆ ಹಿಂದಕ್ಕೆ ಕಳಿಸಬೇಕು, ಇಲ್ಲವೇ ಗುಜರಿಗೆ ಕೊಡಬೇಕು. ಹೊಗೆಯ ನಿಯಮಕ್ಕೆ 21 ವರ್ಷ ಸಾಕು, ಎಂಜಿನ್ ಮೂಲ ಸ್ಥಿತಿಯಲ್ಲಿದ್ದರೆ. ಇದರ ಮೇಲೆ ರಾಜ್ಯದ ಕಾನೂನು ಬೇರೆ. ಕ್ಯಾಲಿಫೋರ್ನಿಯದಲ್ಲಿ 1998ರಿಂದೀಚಿನ ಡೀಸೆಲ್ ಕಾರುಗಳಿಗೆ ಹೊಗೆ ಪರೀಕ್ಷೆ ತಪ್ಪದು.

ಇಂಧನದ ವಿಷಯ ನನ್ನ ವೃತ್ತಿಗೆ ಹತ್ತಿರದ್ದು. ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂಬುದರ ಅಳತೆ ಸೀಟೇನ್ ಸಂಖ್ಯೆ. ಯೂರೋಪಿನಲ್ಲಿ ಅದು ಕನಿಷ್ಠ 51 ಇರಬೇಕು. ಇಲ್ಲಿ 40 ಸಾಕು. ಅಲ್ಲಿಯ ಎಂಜಿನ್ ಇಲ್ಲಿಯ ಚಳಿಗಾಲದ ಬೆಳಗ್ಗೆ ಸ್ವಲ್ಪ ಗೊಣಗಿಯೇ ಏಳುತ್ತದೆ. ಆಲ್ಕೈಲ್ ನೈಟ್ರೇಟ್ ಬೆರೆಸಿ ಸಮಾಧಾನಪಡಿಸಬಹುದು. ಕೆಳಭಾಗದ ತುಕ್ಕಿಗೆ ಮಾತ್ರ ಅಂಥ ಔಷಧವಿಲ್ಲ. ಅಲ್ಲಿಯೂ ಹಿಮದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕೊಳ್ಳುವ ಮುಂಚೆ ಅಲ್ಲಿಯವರಿಂದಲೇ ಕಾರನ್ನೆತ್ತಿ ನೋಡಿಸುವುದು ಲೇಸು.

ಲೆಕ್ಕವೆಲ್ಲ ಸರಿಯಾಯಿತು. ಆದರೆ ಕೂಡಿಟ್ಟ ಹಣ ಒಂದಕ್ಕೇ ಸಾಲುತ್ತದೆ: ಕಾರಿಗೆ, ಇಲ್ಲವೇ ನಾಲ್ವರೂ ಊರಿಗೆ ಹೋಗಿಬರುವುದಕ್ಕೆ. ವರ್ಷ ಕಳೆದಂತೆ 25 ತುಂಬಿದ ಕಾರುಗಳು ಹೆಚ್ಚುತ್ತಲೇ ಹೋಗುತ್ತವೆ. ಅಮ್ಮನಿಗೆ ಈಗ ಎಪ್ಪತ್ತು. ಟಿಕೆಟ್ ಕೊಂಡೆವು.