ಇಳಿಸುವ ಬಲ

ಏಕಂ ಎನ್ನುತ್ತಲೇ ಕೈಗಳೆರಡೂ ಮೇಲೇಳುತ್ತವೆ. ಸೂರ್ಯನಮಸ್ಕಾರದ ಈ ಎಣಿಕೆ ಮೈಸೂರಿನ ನಮ್ಮ ಕೃಷ್ಣಮೂರ್ತಿಪುರಂಗೆ ಹೊಸದಲ್ಲ. ಪಕ್ಕದ ಲಕ್ಷ್ಮೀಪುರಂನಲ್ಲೇ ಪಟ್ಟಾಭಿ ಜೋಯಿಸರು 1948ರಲ್ಲಿ ಯೋಗಶಾಲೆ ತೆರೆದು ದಶಕಗಳ ಕಾಲ ಇದನ್ನು ಕಲಿಸಿದರು. ಅವರ ಗುರು ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲೇ.

ಕೈ ಎತ್ತುವುದು ತೋಳಿನ ಕೆಲಸ ಎಂದುಕೊಂಡಿರುತ್ತೇವೆ. ಎತ್ತುತ್ತಿರುವವರ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ: ಹೆಗಲ ಹಿಂದಿನ ಅಗಲ ಮೂಳೆ ಪಕ್ಕೆಲುಬುಗಳ ಮೇಲೆ ಜಾರುತ್ತ ಹೊರಳುವುದು ತಿಳಿಯುತ್ತದೆ. ಕೈ 180 ಡಿಗ್ರಿ ಏರಿದರೆ ಅದರಲ್ಲಿ ಸುಮಾರು 60 ಡಿಗ್ರಿ ಈ ಮೂಳೆಯ ಕೊಡುಗೆ. ಎಷ್ಟು ಸಲ ನೋಡಿದರೂ ನನಗೆ ಸಾಲದು.

ದ್ವೇ. ಮುಂದಕ್ಕೆ ಬಾಗುವುದು. ತೊಡೆಯ ಹಿಂಭಾಗ ಬಿಗಿಯೆಂದು ಅದರೊಡನೆ ಗುದ್ದಾಡಬೇಕಿಲ್ಲ. ಮುಂಭಾಗವನ್ನು ಬಿಗಿದು ಮಂಡಿಚಿಪ್ಪನ್ನು ಮೇಲೆಳೆದುಕೊಂಡರೆ ಹಿಂಭಾಗ ತಾನೇ ಸಡಿಲಗೊಳ್ಳುತ್ತದೆ. ಸ್ನಾಯುವಿಗೆ ಎಳೆಯುವುದು ಮಾತ್ರ ಗೊತ್ತು, ತಳ್ಳಲು ಬಾರದು. ಅದಕ್ಕೇ ಕೀಲಿನ ಈಚೆಗೊಂದು, ಆಚೆಗೊಂದು. ಒಂದು ಎಳೆಯುವಾಗ ಇನ್ನೊಂದಕ್ಕೆ ಬಿಡು ಎಂಬ ಅಪ್ಪಣೆ ಬೆನ್ನುಹುರಿಯಿಂದಲೇ ಹೋಗುತ್ತದೆ.

ನನಗೆ ಪ್ರಾಣವಾದದ್ದು ನಾಲ್ಕನೆಯ ಎಣಿಕೆ, ಚತ್ವಾರಿ. ಅಂಗೈ, ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೀಡಿ, ಮೊಣಕೈ ಮಡಿಸುತ್ತ ನೆಲದತ್ತ ಇಳಿಸುವ ಚತುರಂಗ ದಂಡಾಸನ. ಮೊಣಕೈ ಮಡಿಸುವುದು ಇಲ್ಲಿ ಭೂಮಿಯ ಸೆಳೆತವೇ. ತೋಳಿನ ಹಿಂಭಾಗದ ಸ್ನಾಯು ಬಿಗಿಯಾಗಿದ್ದುಕೊಂಡೇ ಇಷ್ಟಿಷ್ಟೇ ಉದ್ದವಾಗುತ್ತ ಆ ಸೆಳೆತವನ್ನು ತಡೆಯುತ್ತದೆ. ಬಾವಿಗೆ ಕೊಡ ಇಳಿಸುವವರು ಹಗ್ಗವನ್ನು ಹಿಡಿಹಿಡಿದು ಬಿಡುವ ಹಾಗೆ. ಧಬಕ್ಕನೆ ಬಿದ್ದರೆ ಮೈ ನೆಲ ಮುಟ್ಟೀತು, ಆಸನವಾಗುವುದಿಲ್ಲ. ಒಂದು ಪೂರ್ತಿ ಉಸಿರು ಹೊರಗೆ ಹೋಗುವಷ್ಟು ಹೊತ್ತು ಇಳಿಯಬೇಕು. ಮೊದಲ ಸುತ್ತಿಗೆ ಕೀಲುಗಳು ಗೊಣಗುತ್ತವೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಒತ್ತಿ ಬಿಡುವ ಚಲನೆಯಿಂದಲೇ ಅದಕ್ಕೆ ಆಹಾರ. ಮೂರನೇ ಸುತ್ತಿಗೆ ಅದೇ ಇಳಿತ ನುಣುಪಾಗಿರುತ್ತದೆ.

ಉದ್ದವಾಗುತ್ತಲೇ ದುಡಿಯುವ ಸ್ನಾಯುವಿಗೆ ಏಟೂ ಹೆಚ್ಚು. ಚಾಮುಂಡಿ ಬೆಟ್ಟದ ಮೆಟ್ಟಿಲು ಬಲ್ಲವರಿಗೆ ಇದು ಗೊತ್ತು: ಹತ್ತುವಾಗ ಏದುಸಿರು, ಆದರೆ ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಇಳಿದದ್ದಕ್ಕೆ. ಪ್ರತಿ ಮೆಟ್ಟಿಲಲ್ಲೂ ತೊಡೆಯ ಮುಂಭಾಗ ಇಡೀ ದೇಹದ ಭಾರ ತಡೆದು ಮಂಡಿ ಮೆಲ್ಲಗೆ ಮಡಿಯುವಂತೆ ನೋಡಿಕೊಂಡಿರುತ್ತದೆ. ಬೆಟ್ಟ ಹತ್ತಲು ಹೊರಟ ಮಕ್ಕಳಿಗೆ ನಾನು ಕಲಿಸುವುದು ಇಷ್ಟೇ: ಓಡಬೇಕೆನ್ನಿಸಿದರೆ ಹತ್ತುವಾಗ ಓಡಿ, ದಾರಿಯ ನಂದಿ ವಿಗ್ರಹದಿಂದ ಕೆಳಗೆ ಮಾತ್ರ ಒಂದೊಂದೇ ಮೆಟ್ಟಿಲು ಇಳಿಯಿರಿ.